ಸಮುದ್ರಬಲದ ಉಪನ್ಯಾಸಗಳು

ಉಪನ್ಯಾಸವು ಕೇಳುವವರಿಗಾಗಿ ಹುಟ್ಟುವುದು, ಗ್ರಂಥವು ಓದುವವರಿಗಾಗಿ. ಉಪನ್ಯಾಸಕಾರನ ಎದುರಿಗೆ ಸಭೆಯಿರುತ್ತದೆ. ಸಂದೇಹ ಬಂದವನು ಎದ್ದು ಕೇಳಬಹುದು. ಉತ್ತರ ಸಮರ್ಪಕವಾಗದಿದ್ದರೆ ಮತ್ತೆ ಕೇಳಬಹುದು. ಗ್ರಂಥಕ್ಕೆ ಈ ಸೌಕರ್ಯವಿಲ್ಲ. ಅದು ಯಾರ ಕೈಗೆ ಸಿಕ್ಕುವುದೋ ಅವರ ಇಷ್ಟದಂತೆ ಅರ್ಥವನ್ನು ಕೊಡುತ್ತ ಹೋಗುತ್ತದೆ. ಸಭೆಯಲ್ಲಿ ಆಡಿದ ಮಾತು ಗ್ರಂಥವಾದಾಗ ಏನನ್ನು ಗಳಿಸುವುದು, ಏನನ್ನು ಕಳೆದುಕೊಳ್ಳುವುದು ಎಂಬುದಕ್ಕೆ ಅಮೆರಿಕದ ನೌಕಾಧಿಕಾರಿ ಕ್ಯಾಪ್ಟನ್ ಆಲ್ಫ್ರೆಡ್ ಥೇಯರ್ ಮಹಾನರ (1840–1914) ಉಪನ್ಯಾಸಗಳಿಗಿಂತ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ. ಅವರ ಹೆಸರಿಗೂ ಸಂಸ್ಕೃತದ 'ಮಹಾನ್' ಶಬ್ದಕ್ಕೂ ಏನೂ ಸಂಬಂಧವಿಲ್ಲ. ಆದರೂ ಆ ಹೆಸರು ಕೇಳಿದೊಡನೆ ಸಭೆಗಳು ಶಿರಸ್ಸು ಬಾಗಿಸುವ ಅಭ್ಯಾಸವು ಬೆಳೆದಿರುವುದರಿಂದ ಅವರ ಕೃತಿಯನ್ನು ಸಾವಧಾನವಾಗಿ ಪರೀಕ್ಷಿಸುವುದು ಯುಕ್ತವಾಗಿದೆ.

1884ರಲ್ಲಿ ಸ್ಟೀಫನ್ ಲೂಸ್ ಎಂಬ ಹಿರಿಯ ನೌಕಾಧಿಪತಿಯ ಪ್ರಯತ್ನದಿಂದ ಅಮೆರಿಕದ ನ್ಯೂಪೋರ್ಟ್ ಪಟ್ಟಣದಲ್ಲಿ ನೌಕಾಯುದ್ಧ ವಿದ್ಯಾಲಯವು ಸ್ಥಾಪಿತವಾಯಿತು. ಅದಕ್ಕೆ ದೊರೆತ ಕಟ್ಟಡವು ಹಿಂದೆ ನಿರ್ಗತಿಕರ ಆಶ್ರಮವಾಗಿದ್ದುದು. ನೌಕಾಚರಿತ್ರೆಯನ್ನು ಪಾಠ ಹೇಳಲು ಲೂಸ್ ಆರಿಸಿದವರು ಮಹಾನರು. ಆಗ ಅವರು ದಕ್ಷಿಣ ಅಮೆರಿಕದ ಪಶ್ಚಿಮ ತೀರದಲ್ಲಿ ಒಂದು ಹಳೆಯ ಹಡಗಿನ ನಾಯಕರಾಗಿದ್ದರು. ಪೆರು ದೇಶದ ಲಿಮಾ ನಗರದ ಆಂಗ್ಲರ ಕ್ಲಬ್ಬಿನ ಪುಸ್ತಕಭಂಡಾರದಲ್ಲಿ ಮಾಮ್ಸೆನ್ ಪಂಡಿತನ ರೋಮ್ ಚರಿತ್ರೆಯನ್ನು ಓದುತ್ತಿರುವಾಗ, ಹ್ಯಾನಿಬಾಲನು ಆಲ್ಪ್ಸ್ ಪರ್ವತಗಳನ್ನು ಹತ್ತಿ ಬರುವುದರ ಬದಲು ಸಮುದ್ರಮಾರ್ಗವಾಗಿ ಇಟಲಿಯನ್ನು ಪ್ರವೇಶಿಸಲು ಶಕ್ತನಾಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯು ಅವರಿಗೆ ಹೊಳೆಯಿತೆಂದು 1907ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿರುವರು. ಆ ಪ್ರಶ್ನೆಯೇ ಬೀಜ. 1886ರಲ್ಲಿ ಉಪನ್ಯಾಸಗಳು ಆರಂಭವಾದುವು. 1890ರಲ್ಲಿ ಅವು 'ಚರಿತ್ರೆಯ ಮೇಲೆ ಸಮುದ್ರಬಲದ ಪ್ರಭಾವ, 1660–1783' ಎಂಬ ಗ್ರಂಥವಾಗಿ ಬಾಸ್ಟನ್ನಿನಲ್ಲಿ ಪ್ರಕಟವಾದುವು. ಇವರಿಗಿಂತ ಮೊದಲೇ, 1874ರಲ್ಲಿ, ಲಂಡನ್ನಿನ ಸಭೆಯೊಂದರಲ್ಲಿ ಜಾನ್ ನಾಕ್ಸ್ ಲಾಟನ್ ಎಂಬ ವಿದ್ವಾಂಸರು ನೌಕಾಚರಿತ್ರೆಯನ್ನು ಶಾಸ್ತ್ರೀಯವಾಗಿ ವ್ಯಾಸಂಗ ಮಾಡಬೇಕೆಂದು ಪ್ರತಿಪಾದಿಸಿದ್ದರು. ಆದರೆ ಲೋಕದ ಕಿವಿಗೆ ಬಿದ್ದುದು ಮಹಾನರ ಮಾತು.

ನಮ್ಮ ಪೂರ್ವಿಕರು ಶಾಸ್ತ್ರಗ್ರಂಥದ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ನಿರೂಪಿಸುತ್ತಿದ್ದರು. ಈ ಅಳತೆಗೋಲು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಗ್ರಂಥದ ವಿಷಯವು ಸ್ಪಷ್ಟವಾಗಿದೆ: ರಾಜ್ಯಗಳ ಏಳುಬೀಳುಗಳಿಗೆ ಸಮುದ್ರದ ಮೇಲಣ ಒಡೆತನವು ಎಷ್ಟರ ಮಟ್ಟಿಗೆ ಕಾರಣವಾಯಿತು ಎಂಬುದು. ಪ್ರಯೋಜನವೂ ಸ್ಪಷ್ಟವಾಗಿದೆ: ದುರ್ಬಲವಾಗಿದ್ದ ಅಮೆರಿಕದ ನೌಕಾದಳವನ್ನು ಬೆಳೆಯಿಸಬೇಕೆಂಬುದು. ಒಂದು ಜನಾಂಗವು ಸಮುದ್ರಬಲವನ್ನು ಪಡೆಯುವುದಕ್ಕೆ ಆರು ನಿಮಿತ್ತಗಳನ್ನು ಅವರು ಎಣಿಸುವರು: ದೇಶದ ಸ್ಥಾನ, ಅದರ ಸ್ವಾಭಾವಿಕ ರಚನೆ, ತೀರದ ವಿಸ್ತಾರ, ಜನಸಂಖ್ಯೆ, ಜನರ ಶೀಲ, ಸರ್ಕಾರದ ರೀತಿ. ಉತ್ಪನ್ನ, ಹಡಗು ಸಾಗಣೆ, ವಸಾಹತು ಎಂಬ ಮೂರು ಕೊಂಡಿಗಳ ಸರಪಣಿಯಲ್ಲಿ ಇಡೀ ವಾದವನ್ನು ಕೋದಿರುವರು. ಆ ಕಾಲದವರೆಗೆ ನೌಕಾಚರಿತ್ರೆಯೆಂದರೆ ಶೂರರ ಸಾಹಸಕಥೆಗಳ ಮಾಲೆಯೆಂಬಂತಿತ್ತು. ಅದನ್ನು ಕಾರಣಕಾರ್ಯಗಳ ವಿಚಾರವನ್ನಾಗಿ ಮಾಡಿದುದೇ ಮಹಾನರ ನಿಜವಾದ ಕೀರ್ತಿ. ಇದನ್ನು ಯಾವ ವಿಮರ್ಶಕನೂ ಅಲ್ಲಗಳೆಯಲಾರನು.

ಕನ್ನಡ ವಾಚಕರಿಗೆ ಈ ಗ್ರಂಥದ ಹನ್ನೆರಡನೆಯ ಅಧ್ಯಾಯವು ವಿಶೇಷವಾಗಿ ಮನನೀಯವಾಗಿದೆ. ಮೈಸೂರಿನ ಎರಡನೆಯ ಯುದ್ಧಕಾಲದ ಸಮುದ್ರಕಾರ್ಯಗಳನ್ನು ಅಲ್ಲಿ ವಿವರಿಸಲಾಗಿದೆ. 1781ನೆಯ ವರ್ಷದ ಆರಂಭದಲ್ಲಿ ಆಂಗ್ಲ ಸೇನಾಪತಿ ಸರ್ ಐರ್ ಕೂಟನು ಕಡಲೂರಿನ ಬಳಿ ಹೈದರಾಲಿಯ ಸೈನ್ಯದಿಂದ ಸುತ್ತುವರಿಯಲ್ಪಟ್ಟಿದ್ದನು. ನೆಲದ ದಾರಿಯಿಂದ ಅವನಿಗೆ ಒಂದು ಹಿಡಿ ಅಕ್ಕಿಯೂ ಬರುವಂತಿರಲಿಲ್ಲ, ಸಮುದ್ರವೊಂದೇ ಗತಿ. ಅದೇ ಸಮಯಕ್ಕೆ ದೋರ್ವ್ ಎಂಬ ನಾಯಕನ ಫ್ರೆಂಚ್ ನೌಕಾದಳವು ಆ ತೀರಕ್ಕೆ ಬಂದಿತು. ಸಮುದ್ರದ ದಾರಿಯನ್ನು ತಡೆದು ನಿಲ್ಲಬೇಕೆಂದು ಹೈದರನು ಬೇಡಿಕೊಂಡರೂ ದೋರ್ವನು ಫೆಬ್ರವರಿ ತಿಂಗಳಲ್ಲಿಯೇ ಮಾರಿಷಸ್ ದ್ವೀಪಕ್ಕೆ ಹಿಂದಿರುಗಿದನು. ಕೂಟನ ದಂಡಿಗೆ ಹಡಗುಗಳಲ್ಲಿ ದವಸ ಬಂದಿಳಿಯಿತು. ಜುಲೈ 1ರಂದು ಪೋರ್ಟೊ ನೋವೊದಲ್ಲಿ ಹೈದರನಿಗೆ ಅಪಜಯವಾಯಿತು. ಕರ್ನಾಟಕದ ಭವಿಷ್ಯವನ್ನು ತೂಗುತ್ತಿದ್ದ ತಕ್ಕಡಿಯು ಕೆಲವು ಹಡಗುಗಳು ಲಂಗರು ಎತ್ತಿದುದರಿಂದ ಒಂದು ಕಡೆಗೆ ವಾಲಿತು. ನೆಲದ ಯುದ್ಧವನ್ನಷ್ಟೇ ಓದಿದವರಿಗೆ ಕಾಣದ ಈ ಸಂಧಿಯನ್ನು ಮಹಾನರು ಬೆರಳಿಟ್ಟು ತೋರಿಸಿರುವರು.

ಅನಂತರ ಬಂದ ಸುಫ್ರೆನನ ಚರಿತ್ರೆಯನ್ನು ಬರೆಯುವಾಗ ಅವರ ಲೇಖನಿಗೆ ಹೊಸ ಚೈತನ್ಯವು ಬರುತ್ತದೆ. 1782ರ ಫೆಬ್ರವರಿ 17ರಿಂದ 1783ರ ಜೂನ್ 20ರವರೆಗೆ ಸುಫ್ರೆನನು ಸರ್ ಎಡ್ವರ್ಡ್ ಹ್ಯೂಸನೊಡನೆ ಸದರಾಸ್, ಪ್ರೊವಿಡಿಯೆನ್, ನಾಗಪಟ್ಟಣ, ತಿರುಕೋಣಮಲೆ, ಕಡಲೂರುಗಳ ಸಮೀಪದಲ್ಲಿ ಐದು ಬಾರಿ ಕಾದಾಡಿದನು. ರೇವೊಂದೂ ಕೈಯಲ್ಲಿಲ್ಲದೆ, ಮುರಿದ ಪಟಸ್ತಂಭಗಳನ್ನು ಬಯಲು ಸಮುದ್ರದಲ್ಲಿಯೇ ಸರಿಪಡಿಸಿಕೊಂಡು, ಆಜ್ಞೆಯನ್ನು ಮೀರುವ ಕೆಳ ನಾಯಕರನ್ನು ಸಹಿಸಿಕೊಂಡು ಅವನು ಹೋರಾಡಿದನು. 1782ರ ಜುಲೈಯಲ್ಲಿ ಹೈದರನನ್ನು ಕಡಲೂರಿನ ಬಳಿ ಕಂಡು ಮಾತನಾಡಿದನು. ಆಗಸ್ಟಿನ ಕಡೆಯಲ್ಲಿ ತಿರುಕೋಣಮಲೆಯನ್ನು ಹಿಡಿದನು. ಹಿಂಗಾರಿನ ಗಾಳಿಗೆ ಹೆದರಿ ದೂರದ ಮಾರಿಷಸ್ಸಿಗೆ ಓಡದೆ ಸುಮಾತ್ರಾ ದ್ವೀಪದಲ್ಲಿ ಕಾಲ ಕಳೆದು ಮರಳಿದುದನ್ನು ಮಹಾನರು ಮೆಚ್ಚಿಕೊಳ್ಳುವರು. ಆದರೆ ಅಷ್ಟರಲ್ಲಿ, ಡಿಸೆಂಬರ್ 7ರಂದು, ಹೈದರನು ತೀರಿಕೊಂಡಿದ್ದನು.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಈ ಅಧ್ಯಾಯದಲ್ಲಿ ಭಾರತದ ಸಮುದ್ರವಿದೆ, ಭಾರತದ ತೀರವಿದೆ; ಆದರೆ ಭಾರತೀಯನು ತೀರದಲ್ಲಿಯೇ ನಿಂತಿರುವನು. ಹೈದರನು ಫ್ರೆಂಚರ ಸಹಾಯವನ್ನು ಕಾಯುವ ರಾಜನಾಗಿ ಕಾಣುವನೇ ಹೊರತು ಸಮುದ್ರದ ಮರ್ಮವನ್ನು ತಾನೇ ಅರಿತವನಾಗಿ ಕಾಣುವುದಿಲ್ಲ. ಅವನು ಮಂಗಳೂರಿನಲ್ಲಿ ಹಡಗುಗಳನ್ನು ಕಟ್ಟಿಸಿದ್ದನು. ಅವುಗಳನ್ನು 1780ರ ಡಿಸೆಂಬರಿನಲ್ಲಿ ಇದೇ ಹ್ಯೂಸನು ನಾಶಮಾಡಿದನು. 1796ರಲ್ಲಿ ಟಿಪ್ಪುವು ನೌಕಾಬಲಕ್ಕಾಗಿ ವಿಸ್ತಾರವಾದ ನಿರೂಪವನ್ನು ಹೊರಡಿಸಿದನು. ಆ ಏರ್ಪಾಟು ಪೂರ್ಣವಾಗುವ ಮೊದಲೇ 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಆರು ನಿಮಿತ್ತಗಳನ್ನು ಎಣಿಸಿದ ಪಂಡಿತರು ಅವುಗಳನ್ನು ಮೈಸೂರಿಗೆ ಅನ್ವಯಿಸಿ ನೋಡಿದ್ದರೆ ತಮ್ಮ ಸಿದ್ಧಾಂತಕ್ಕೇ ಬಲವಾದ ದೃಷ್ಟಾಂತವು ಸಿಕ್ಕುತ್ತಿತ್ತು. ಯೂರೋಪಿನ ಹಡಗಿನ ಮೇಲುಗಟ್ಟೆಯಿಂದ ನೋಡಿದುದರ ಫಲವಿದು. ಈ ಕೊರತೆಯನ್ನು ತುಂಬುವ ಕೆಲಸಕ್ಕೆ 1945ರಲ್ಲಿ ಸರ್ದಾರ್ ಕೆ. ಎಂ. ಪಣಿಕ್ಕರರು 'ಭಾರತ ಮತ್ತು ಹಿಂದೂ ಮಹಾಸಾಗರ' ಎಂಬ ತಮ್ಮ ಆಂಗ್ಲ ಗ್ರಂಥದಲ್ಲಿ ಕೈಹಾಕಿದರು.

ಎರಡನೆಯದು ಲಕ್ಷಣದೋಷ. 'ಸಮುದ್ರಬಲ' ಎಂದರೇನು ಎಂಬುದಕ್ಕೆ ಮಹಾನರು ಕಟ್ಟುನಿಟ್ಟಾದ ಲಕ್ಷಣವನ್ನು ಕೊಡುವುದಿಲ್ಲ. ಒಂದೆಡೆ ಅದು ಯುದ್ಧನೌಕೆಗಳ ದಳ, ಇನ್ನೊಂದೆಡೆ ವ್ಯಾಪಾರ, ಮತ್ತೊಂದೆಡೆ ಜನಾಂಗದ ಶೀಲವೇ ಆಗಿಬಿಡುತ್ತದೆ. ನೈಯಾಯಿಕರು ಇದನ್ನು ಅತಿವ್ಯಾಪ್ತಿಯೆನ್ನುವರು. ಮತ್ತೊಂದು ಕಡೆಯಿಂದ ಅವ್ಯಾಪ್ತಿಯೂ ಉಂಟು. 1904ರ ಜನವರಿಯಲ್ಲಿ ಹಾಲ್ಫರ್ಡ್ ಮೆಕಿಂಡರ್ ಎಂಬ ಭೂಗೋಳ ಪಂಡಿತನು ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಉಪನ್ಯಾಸ ಮಾಡಿ, ರೈಲುದಾರಿಗಳ ಕಾಲದಲ್ಲಿ ಯೂರೋಪು ಏಷ್ಯಾಗಳ ಒಳನಾಡೇ ಜಗತ್ತಿನ ಕೀಲಾಗಬಲ್ಲುದೆಂದು ವಾದಿಸಿದನು. ಇಂಗ್ಲೆಂಡಿನ ನೌಕಾಧಿಕಾರಿಗಳಿಗೆ ಪಾಠ ಹೇಳುತ್ತಿದ್ದ ಜೂಲಿಯನ್ ಕಾರ್ಬೆಟ್ಟನು 1911ರ ತನ್ನ ಗ್ರಂಥದಲ್ಲಿ, ಮನುಷ್ಯರು ವಾಸಿಸುವುದು ನೆಲದ ಮೇಲಾದುದರಿಂದ ನೌಕಾಬಲವು ಭೂಸೈನ್ಯದೊಡನೆ ಕೂಡಿಯೇ ಯುದ್ಧವನ್ನು ಮುಗಿಸಬೇಕೆಂದು ತೋರಿಸಿದನು. ಕಾರ್ಬೆಟ್ಟನು ಹಡಗಿನಲ್ಲಿ ಸೇವೆ ಮಾಡಿದವನಲ್ಲ. ವಕೀಲಿ ಓದಿ ಕಾದಂಬರಿ ಬರೆದವನು. ಆದರೂ ಶಬ್ದಗಳನ್ನು ತೂಗಿ ಬಳಸುವುದರಲ್ಲಿ ಅವನು ಮಹಾನರಿಗಿಂತ ಒಂದು ಕೈ ಮೇಲು.

ಮೂರನೆಯದು ಅಧಿಕಾರಿಯ ವಿಚಾರ. ಇದೇ ಅತ್ಯಂತ ಗುರುತರವಾದುದು. ಉಪನ್ಯಾಸವನ್ನು ಕೇಳಿದವರು ಸಮುದ್ರವನ್ನು ಬಲ್ಲ ಅಧಿಕಾರಿಗಳು. ಗಾಳಿ, ರೇವು, ಇದ್ದಲು, ಆಹಾರಗಳ ಕಷ್ಟವು ಅವರ ಅನುಭವದಲ್ಲಿದ್ದುದರಿಂದ ಉಪನ್ಯಾಸಕಾರರ ಸಾಮಾನ್ಯ ಸೂತ್ರಗಳಿಗೆ ಅವರೇ ಅಪವಾದಗಳನ್ನು ಕೂಡಿಸಿಕೊಳ್ಳಬಲ್ಲವರಾಗಿದ್ದರು. ಗ್ರಂಥವಾದ ಮೇಲೆ ಅದನ್ನು ಓದಿದವರು ಚಕ್ರವರ್ತಿಗಳು, ಮಂತ್ರಿಗಳು, ಪತ್ರಿಕಾಕರ್ತರು. ಜರ್ಮನಿಯ ಕೈಸರನು ಅದನ್ನು ಕಂಠಪಾಠ ಮಾಡಲು ಯತ್ನಿಸುತ್ತಿರುವುದಾಗಿ 1894ರಲ್ಲಿ ತಿಳಿಸಿದನು. 1898 ಮತ್ತು 1900ರಲ್ಲಿ ಆ ದೇಶವು ಮಹಾನೌಕಾದಳವನ್ನು ಕಟ್ಟಲು ಶಾಸನಗಳನ್ನು ಮಾಡಿತು. ಇದಕ್ಕೆ ಈ ಪುಸ್ತಕವೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೆ ದೇಶದ ಸ್ಥಾನವೇ ಮೊದಲನೆಯ ನಿಮಿತ್ತವೆಂದು ಅದೇ ಗ್ರಂಥವು ಹೇಳಿದ್ದಿತು. ಇಂಗ್ಲೆಂಡು ಅಡ್ಡವಾಗಿ ಮಲಗಿರುವ ಸಮುದ್ರದಲ್ಲಿ ಜರ್ಮನಿಯ ಸ್ಥಾನವು ಅನುಕೂಲವಾದುದಲ್ಲ. ಕಂಠಪಾಠವಾಯಿತು, ಅರ್ಥವಾಗಲಿಲ್ಲ. ಆ ದಳದ ಬಹುಭಾಗವು 1919ರ ಜೂನ್ 21ರಂದು ಸ್ಕಾಪಾ ಫ್ಲೋ ಎಂಬ ಕೊಲ್ಲಿಯಲ್ಲಿ ತನ್ನ ನಾವಿಕರಿಂದಲೇ ಮುಳುಗಿಸಲ್ಪಟ್ಟಿತು. ಅನಧಿಕಾರಿಯ ಕೈಯಲ್ಲಿ ಶಾಸ್ತ್ರವು ಶಸ್ತ್ರವಾಗುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ದೇಶದ ಸಭೆಗಳೂ ಈ ದೋಷದಿಂದ ಮುಕ್ತವಲ್ಲ. ಹಿಂದೂ ಮಹಾಸಾಗರದ ಒಡೆಯನೇ ಏಷ್ಯಾ ಖಂಡದ ಒಡೆಯನೆಂಬ ಅರ್ಥದ ಒಂದು ಮಾತನ್ನು ಮಹಾನರ ಹೆಸರಿನಲ್ಲಿ ಉದ್ಧರಿಸುವುದು ನೌಕಾವಿಷಯದ ಭಾಷಣಗಳಲ್ಲಿ ರೂಢಿಯಾಗಿದೆ. ವಿದ್ವಾಂಸರು ಹುಡುಕಿ ನೋಡಲಾಗಿ ಆ ಮಾತು ಅವರ ಕೃತಿಗಳಲ್ಲಿ ಎಲ್ಲಿಯೂ ಸಿಕ್ಕಿಲ್ಲ. ಪ್ರಕ್ಷಿಪ್ತ ಶ್ಲೋಕವನ್ನು ವ್ಯಾಸರ ಹೆಸರಿನಲ್ಲಿ ಪಠಿಸುವಂತೆ ಒಬ್ಬರಿಂದೊಬ್ಬರು ಕೇಳಿ ಹೇಳುತ್ತ ಬಂದಿರುವರು. ಮಾತು ಹಿತವಾಗಿದೆ, ಭಾರತಕ್ಕೆ ಗೌರವಕರವಾಗಿದೆ. ಆದರೆ ಹಿತವಾದುದೆಲ್ಲ ಪ್ರಮಾಣವಾಗದು.

ಕಾರವಾರದಿಂದ ಮಂಗಳೂರಿನವರೆಗೆ ತೀರವುಳ್ಳ ನಾಡು ನಮ್ಮದು. ಕಾರವಾರದಲ್ಲಿ 2005ರಿಂದ ಭಾರತದ ನೌಕಾನೆಲೆಯು ಕಾರ್ಯಮಾಡುತ್ತಿದೆ. ಇಂತಹ ನಾಡಿನಲ್ಲಿ ನೌಕಾಚರಿತ್ರೆಯ ಉಪನ್ಯಾಸಗಳು ನಡೆಯತಕ್ಕುವೇ ಸರಿ. ಅವುಗಳಿಗೆ ಮಹಾನರಿಂದ ಕಲಿಯಬೇಕಾದುದು ಪ್ರಶ್ನೆಯನ್ನು ಹೂಡುವ ಕ್ರಮ. ಕಲಿಯಬಾರದುದು ಒಂದು ಶಬ್ದದಿಂದ ಎಲ್ಲವನ್ನೂ ಸಾಧಿಸುವ ಆತುರ. ಭೂಪಟವನ್ನು ಎದುರಿಗಿಟ್ಟು, ಗಾಳಿಯ ಕಾಲವನ್ನು ತಿಳಿಸಿ, ಉದ್ಧರಿಸಿದ ಮಾತಿನ ಆಕರವನ್ನು ಹೇಳಿ, ಕಡೆಯಲ್ಲಿ ಸಭಿಕರ ಸಂದೇಹಗಳಿಗೆ ಅವಕಾಶವಿತ್ತರೆ ಉಪನ್ಯಾಸವು ಸಾರ್ಥಕವಾಗುವುದು. ಕೈಸರನಿಗೆ ಗ್ರಂಥವು ಸಿಕ್ಕಿತು. ಎದ್ದು ಪ್ರಶ್ನೆ ಕೇಳುವ ಸಭೆಯು ಸಿಕ್ಕಲಿಲ್ಲ.