ದುಡಿಯಲಾಗದವನ ಊಳಿಗ

ಕುರುಡುತನದ ಬಗ್ಗೆ ಮಿಲ್ಟನ್ ಬರೆದ ಸುನೀತಕ್ಕೆ ನಮ್ಮ ಇಂಗ್ಲಿಷ್ ತರಗತಿಗಳಲ್ಲಿ ದೊಡ್ಡ ಮರ್ಯಾದೆಯಿದೆ. ಆದರೆ ಅದು ತಪ್ಪು ಕಾರಣಕ್ಕೆ ಸಂದದ್ದು. ಸುಮ್ಮನೆ ನಿಂತು ಕಾಯುವವರೂ ಊಳಿಗದವರೇ ಎನ್ನುವ ಕೊನೆಯ ಸಾಲೊಂದನ್ನೇ ಕಿತ್ತು, ಹಾಸಿಗೆ ಹಿಡಿದವರಿಗೆ ಸಮಾಧಾನದ ಮಾತಾಗಿ ಹಂಚುವುದು ರೂಢಿಯಾಗಿಬಿಟ್ಟಿದೆ. ದೇವರು ಇಟ್ಟ ಹಾಗೆ ಇರು ಎಂಬುದಷ್ಟೇ ಅದರ ಸಾರವಾಗಿದ್ದರೆ ಆ ಪದ್ಯ ಇಷ್ಟು ಕಾಡುತ್ತಿರಲಿಲ್ಲ.

1652ರ ಹೊತ್ತಿಗೆ ಮಿಲ್ಟನ್ನನ ಎರಡೂ ಕಣ್ಣು ಹೋಗಿದ್ದವು. ಪದ್ಯ ಆ ವರ್ಷದ್ದೋ 1655ರದ್ದೋ ಎಂಬ ಜಗಳ ವಿದ್ವಾಂಸರಿಗಿರಲಿ. ನೋಡಬೇಕಾದದ್ದು ಎಂಟನೆಯ ಸಾಲನ್ನು. ಇಟಾಲಿಯನ್ ಮಾದರಿಯ ಸುನೀತದಲ್ಲಿ ಎಂಟು ಸಾಲು ಮುಗಿದ ಮೇಲೆ ತಿರುವು ಬರಬೇಕು. ಇಲ್ಲಿ ತಾಳ್ಮೆ ಎಂಬ ಪಾತ್ರ ಎಂಟನೆಯ ಸಾಲಿನ ನಡುವೆಯೇ ಬಾಯಿ ಹಾಕುತ್ತದೆ. ಯಾಕಿಷ್ಟು ಅವಸರ? ಕವಿ ಅಪಾಯದ ಜಾಗಕ್ಕೆ ಬಂದು ನಿಂತಿದ್ದಾನೆ. ಪದ್ಯದ ಹಿಂದಿರುವುದು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಸಾಮ್ಯ. ಬೆಳೆಸಲೆಂದು ಕೊಟ್ಟ ಒಂದೇ ತಲಾಂತು ಹಣವನ್ನು ನೆಲದಲ್ಲಿ ಹೂತಿಟ್ಟ ಆಳು, ಯಜಮಾನ ಕಠಿಣನೆಂದು ದೂರುತ್ತಾನೆ. ಅವನಿಗಾಗುವ ಶಿಕ್ಷೆ, ಹೊರಗಿನ ಕತ್ತಲೆಗೆ ತಳ್ಳಿಸಿಕೊಳ್ಳುವುದು. ಮಿಲ್ಟನ್ ಆಗಲೇ ಕತ್ತಲೆಯಲ್ಲಿದ್ದಾನೆ. ತಪ್ಪು ಮಾಡುವ ಮೊದಲೇ ಶಿಕ್ಷೆ ಬಂದಿದೆ. ಬೆಳಕನ್ನು ಕೊಡದವನು ಹಗಲಿನ ದುಡಿತವನ್ನು ಕೇಳುತ್ತಾನೆಯೇ ಎಂದು ಅವನು ಬಾಯಿ ತೆರೆದಾಗ ಹೊರಡುವುದು ಅದೇ ಆಳಿನ ದೂರು. ಅದು ಬೆಳೆಯದಂತೆ ತಾಳ್ಮೆ ತಡೆಯುತ್ತದೆ. ಉತ್ತರ ಕೊಡುವವನು ದೇವರಲ್ಲ ಎಂಬುದನ್ನೂ ಗಮನಿಸಬೇಕು. ಕವಿ ತನ್ನೊಳಗಿನ ದನಿಯೊಂದಿಗೇ ಹೆಣಗುತ್ತಿದ್ದಾನೆ.

ದೇವರಿಗೆ ಮನುಷ್ಯನ ದುಡಿಮೆ ಬೇಕಿಲ್ಲ ಎಂಬ ಉತ್ತರ ಮೊದಲ ಓದಿಗೆ ಕಟುವೆನಿಸುತ್ತದೆ, ಒಪ್ಪುತ್ತೇನೆ. ಆದರೆ ಕೈಲಾಗದವನಿಗೆ ಬಿಡುಗಡೆಯಿರುವುದೂ ಅಲ್ಲೇ. ಎಷ್ಟು ಗಳಿಸಿದೆ ಎಂಬ ಲೆಕ್ಕವೇ ರದ್ದಾಗುತ್ತದೆ. ಅರಸನ ಅಪ್ಪಣೆ ಹೊತ್ತು ಸಾವಿರಾರು ಮಂದಿ ನೆಲ ಕಡಲು ದಾಟುತ್ತಿರುವಾಗ ಇನ್ನು ಕೆಲವರು ಸನ್ನಿಧಿಯಲ್ಲೇ ನಿಂತಿರುತ್ತಾರೆ. ಕೈಚೆಲ್ಲಿ ಅಲ್ಲ, ಕರೆಗೆ ಕಿವಿಗೊಟ್ಟು. ಅದೂ ಊಳಿಗವೇ.

ನನ್ನ ತಕರಾರು ಇನ್ನೊಂದು ಬಗೆಯ ವಿಮರ್ಶಕರ ಮೇಲೆ. ಈ ಕಾಯುವಿಕೆ ಮಹಾಕಾವ್ಯಕ್ಕೆ ಮುನ್ನ ಹಿಡಿದ ಉಸಿರು, 1667ರಲ್ಲಿ ಬಂದ 'ಪ್ಯಾರಡೈಸ್ ಲಾಸ್ಟ್' ಅದರ ಫಲ ಎನ್ನುತ್ತಾರೆ ಅವರು. ಕೇಳಲು ಚೆನ್ನಾಗಿದೆ. ಆದರೆ ಹೀಗೆಂದ ಕೂಡಲೇ ಪದ್ಯ ರದ್ದು ಮಾಡಿದ ಲೆಕ್ಕವನ್ನೇ ಮತ್ತೆ ತೆರೆದಂತಾಯಿತು. ಪಾರ್ಶ್ವವಾಯು ಬಡಿದ ಬಡಗಿಗೆ, ಬೆನ್ನುಮೂಳೆ ಮುರಿದ ಕೂಲಿಯವನಿಗೆ ಮುಂದೆ ಯಾವ ಮಹಾಕಾವ್ಯವೂ ಇಲ್ಲ. ಅವರ ನಂಬಿಕೆ ಫಲ ಬರುವವರೆಗೆ ಕಾಯಬೇಕೆ? ಮಿಲ್ಟನ್ ಹಾಗೆ ಹೇಳಿಲ್ಲ. ಈ ಸುನೀತ ಅಚ್ಚಾದದ್ದು 1673ರಲ್ಲಿ, ಮಹಾಕಾವ್ಯ ಹೊರಬಂದು ಆರು ವರ್ಷಗಳ ಮೇಲೆ. ಹೇಳಿ ಬರೆಸಿದ ಅಷ್ಟು ದೊಡ್ಡ ಕೃತಿ ಕೈಲಿದ್ದರೂ, ಕಾದದ್ದಕ್ಕೆ ಫಲ ಸಿಕ್ಕಿತೆಂಬ ಒಂದು ಸುಳಿವನ್ನೂ ಅವನು ಈ ಹದಿನಾಲ್ಕು ಸಾಲುಗಳಲ್ಲಿ ಇಟ್ಟಿಲ್ಲ.