ಖಳನಿಗೂ ಒಬ್ಬ ಕರ್ಣ ಬೇಕು

ನಮ್ಮ ಕೋಲಾರ ಜಿಲ್ಲೆಯ ಯಲ್ದೂರು ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡಿಸುವ ಮಾತೆದ್ದರೆ ಧರ್ಮರಾಯನ ಪಾತ್ರಕ್ಕೆ ಜನ ಹುಡುಕಬೇಕು, ದುರ್ಯೋಧನನ ಪಾತ್ರಕ್ಕೆ ಪೈಪೋಟಿ. ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಕೂತು ಹಾಡು-ಮಾತು ಕಲಿತು, ಸೀನರಿ-ಡ್ರೆಸ್ಸಿನ ಬಾಡಿಗೆಗೆ ಕೈಯಿಂದ ದುಡ್ಡು ಹಾಕಿ, ಒಂದು ರಾತ್ರಿ ಗದೆ ಹೊತ್ತು ನಿಲ್ಲುವ ಆಸೆ ಅದು. ಕನ್ನಡ, ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಈ ಸೀಮೆಗೆ ಎನ್.ಟಿ.ಆರ್. ಅವರ 1977ರ ‘ದಾನವೀರಶೂರಕರ್ಣ’ವೂ ಮನೆಯ ಸಿನಿಮಾನೇ. ಅದರಲ್ಲಿ ಅವರು ಕೃಷ್ಣ, ಕರ್ಣ, ದುರ್ಯೋಧನ ಮೂವರೂ ಆದರು. ಜನರ ಬಾಯಲ್ಲಿ ಉಳಿದದ್ದು ದುರ್ಯೋಧನನ ಮಾತು. ಹೆಂಡತಿ ಭಾನುಮತಿಯ ಜೊತೆ ಅವನಿಗೊಂದು ಡ್ಯುಯೆಟ್ ಕೂಡ ಕೊಟ್ಟಿದ್ದಾರೆ; ಖಳನಿಗೆ ಡ್ಯುಯೆಟ್ ಕೊಡುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಇದನ್ನು ಈ ವಾರ ನೆನೆಯಲು ಕಾರಣ, ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ರಜೆಯ ದಿನ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುವ ನಮ್ಮ ಹುಡುಗ ಹುಡುಗಿಯರು. ಗೊತ್ತಿಲ್ಲದವರಿಗೆ ಎರಡು ಮಾತು: ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಹೊರತಂದ ಆಟ. ಮೇಜಿನ ಸುತ್ತ ಕೂತವರು ಒಂದೊಂದು ಪಾತ್ರ ಹಿಡಿಯುತ್ತಾರೆ, ಒಬ್ಬ ಕಥೆ ನಡೆಸುತ್ತಾನೆ, ಸೋಲು-ಗೆಲುವನ್ನು ದಾಳ ಹೇಳುತ್ತದೆ. ಕಥೆ ನಡೆಸುವವನನ್ನು ಮೇಷ್ಟ್ರು ಅಂತಲೇ ಕರೆಯೋಣ. ಈ ಮೇಷ್ಟ್ರುಗಳು ಕಟ್ಟುವ ಖಳರಲ್ಲಿ ಹೆಚ್ಚಿನವರಿಗೆ ಕಪ್ಪು ನಿಲುವಂಗಿ, ಬೆಟ್ಟದ ಮೇಲೊಂದು ಕೋಟೆ, ಲೋಕವನ್ನೇ ಸುಡುವ ಹಟ. ಲೋಕವೆಲ್ಲ ಸುಟ್ಟ ಮೇಲೆ ಇವನು ಆಳುವುದು ಯಾರನ್ನ?

ಸ್ವಲ್ಪ ಓದಿಕೊಂಡ ಮೇಷ್ಟ್ರು ಇದಕ್ಕೊಂದು ಮದ್ದು ಹುಡುಕಿದ್ದಾರೆ. ಖಳನಿಗೊಂದು ಕಣ್ಣೀರಿನ ಬಾಲ್ಯ. ಅಪ್ಪ ಹೊಡೆದ, ಊರು ನಕ್ಕಿತು, ಅದಕ್ಕೇ ಕೆಟ್ಟವನಾದ. ನನಗೆ ಇದು ಸೇರುವುದಿಲ್ಲ. ನೋವುಂಡವರೆಲ್ಲ ಊರು ಸುಡಲು ಹೊರಡುವುದಿಲ್ಲ. ಹಿಂದೆ ಏನಾಯಿತು ಎಂಬುದಕ್ಕಿಂತ ಈಗ ಅವನು ಯಾರನ್ನು ಬಿಟ್ಟುಕೊಡುವುದಿಲ್ಲ ಎಂಬುದು ಮುಖ್ಯ. ದುರ್ಯೋಧನನನ್ನು ನಾವು ನಂಬುವುದು ಶಕುನಿಯಿಂದಲ್ಲ, ಕರ್ಣನಿಂದ. ತುಂಬಿದ ರಂಗದಲ್ಲಿ ಕರ್ಣನ ಕುಲ ಕೇಳಿ ಅವಮಾನಿಸಿದಾಗ ಅಲ್ಲೇ ಅಂಗರಾಜ್ಯ ಕಟ್ಟಿಕೊಟ್ಟವನು ಅವನು. ಅದರಲ್ಲಿ ಲೆಕ್ಕಾಚಾರವೂ ಇತ್ತು, ಪ್ರೀತಿಯೂ ಇತ್ತು. ಯಾವುದು ಎಷ್ಟು ಎಂದು ಇಂದಿಗೂ ಜಗಲಿಯಲ್ಲಿ ಜಗಳವಾಗುತ್ತದೆ.

ರನ್ನ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ‘ಗದಾಯುದ್ಧ’ ಬರೆದವನು, ಅಂದರೆ ಭೀಮನನ್ನೇ ಹೊಗಳಬೇಕಾದವನು, ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿಬಿಟ್ಟ. ದ್ರೋಣ, ದುಶ್ಶಾಸನ, ಕರ್ಣ ಎಂದು ಒಬ್ಬೊಬ್ಬರ ಮುಂದೆ ನಿಂತು ಅಳುವ ಆ ರಾಜ, ಶತ್ರುವಿನ ಮಗ ಅಭಿಮನ್ಯುವಿನ ಹೆಣ ಕಂಡಾಗ ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಅಷ್ಟಾದರೂ ಭೀಷ್ಮ ಸಂಧಿಯ ಮಾತೆತ್ತಿದರೆ ಒಪ್ಪುವುದಿಲ್ಲ. ಮೆತ್ತಗಾದ ಎಂದುಕೊಂಡ ಕ್ಷಣದಲ್ಲೇ ಗಟ್ಟಿಯಾಗುತ್ತಾನೆ. ಬಿ.ಎಂ.ಶ್ರೀ. ಇದನ್ನು ದುರಂತ ನಾಟಕವಾಗಿ ಹೊರಳಿಸಿದ್ದು ಸುಮ್ಮನೆ ಅಲ್ಲ. ನಾಳೆಯ ಆಟಕ್ಕೆ ಖಳನನ್ನು ಕಟ್ಟುವ ಮೇಷ್ಟ್ರು ಎಲ್ಲ ಬಿಟ್ಟು ಈ ಭಾಗವೊಂದನ್ನು ಓದಿದರೂ ಸಾಕು.

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದವರಿಗೂ ಖಳನಿಗೊಂದು ಕಾರಣ ಬೇಕೆಂಬುದು ತಡವಾಗಿಯೇ ಹೊಳೆದದ್ದು. ಒಮ್ಮೆ ಆಟದ ನಡುವೆ ಸುರಂಗದ ಒಂದು ಕೋಣೆಯಲ್ಲಿ ಕಾರಣವೇ ಇಲ್ಲದೆ ನಿಂತಿದ್ದ ರಕ್ತಪಿಶಾಚಿಯನ್ನು ಕಂಡು ಆಟಗಾರ ಟ್ರೇಸಿ ಹಿಕ್‌ಮನ್, ಇವನಿಗೆ ಇಲ್ಲೇನು ಕೆಲಸ ಎಂದುಕೊಂಡರಂತೆ. ಹೆಂಡತಿ ಲಾರಾ ಜೊತೆ ಸೇರಿ 1983ರಲ್ಲಿ ‘ರೇವನ್‌ಲಾಫ್ಟ್’ ಎಂಬ ಆಟದ ಕಥೆ ಬರೆದರು. ಅಲ್ಲಿಯ ಸ್ಟ್ರಾಡ್ ತಮ್ಮನ ಹೆಣ್ಣಿನ ಮೇಲೆ ಕಣ್ಣು ಹಾಕಿ ತಮ್ಮನನ್ನೇ ಕೊಂದವನು. ಸುಗ್ರೀವನ ಕಥೆ ಕೇಳಿ ಬೆಳೆದವರಿಗೆ ಹೊಸದೇನಲ್ಲ.

ಆದರೆ ನಂಬಿಸುವುದು ಬೇರೆ, ಕ್ಷಮಿಸುವುದು ಬೇರೆ. ಈ ಗೆರೆಯನ್ನು ಚೆನ್ನಾಗಿ ಎಳೆದವರು ನಮ್ಮ ಜಿಲ್ಲೆಯವರೇ, ಮಾಲೂರು ತಾಲ್ಲೂಕಿನ ಮಾಸ್ತಿ. (ಮ್ಯಾಕ್‌ಬೆತ್‌ನನ್ನು ಕನ್ನಡಕ್ಕೆ ತಂದ ಡಿ.ವಿ.ಜಿ. ಮುಳಬಾಗಿಲಿನವರು. ಕೆಟ್ಟ ರಾಜರ ವಿಷಯದಲ್ಲಿ ಕೋಲಾರಕ್ಕೆ ಬರವಿಲ್ಲ.) 1956ರ ‘ಚಿಕವೀರ ರಾಜೇಂದ್ರ’ದಲ್ಲಿ ಕೊಡಗಿನ ಕೊನೆಯ ಅರಸ ತಂಗಿಯ ಕೂಸನ್ನೇ ಕೊಲ್ಲುತ್ತಾನೆ. ಅವನ ಬೆನ್ನಿಗೆ ಕುಂಟ ಬಸವನಿದ್ದಾನೆ, ಬಾಲ್ಯದ ಜೊತೆಗಾರ, ಮಂತ್ರಿ, ಪಾಪದ ಪಾಲುದಾರ. ಆ ಗೆಳೆತನ ಸುಳ್ಳಲ್ಲ, ಆದರೆ ಒಂದು ರಾಜ್ಯವನ್ನೇ ಮುಳುಗಿಸಿತು. ಮಾಸ್ತಿ ದನಿ ಏರಿಸುವುದಿಲ್ಲ, ಅರಸನ ಪರ ವಾದಿಸುವುದೂ ಇಲ್ಲ. 1834ರಲ್ಲಿ ಇಂಗ್ಲಿಷರು ಬಂದು ಕೊಡಗನ್ನು ತೆಗೆದುಕೊಳ್ಳುವ ಹೊತ್ತಿಗೆ ತಡೆಯಬೇಕೆಂಬ ಮನಸ್ಸುಳ್ಳವರೇ ಅಲ್ಲಿ ಉಳಿದಿಲ್ಲ.

ನಾಟಕ, ಕಾದಂಬರಿಗಳಿಗಿಲ್ಲದ ತಾಪತ್ರಯವೊಂದು ಮೇಜಿನ ಆಟಕ್ಕಿದೆ. ಕುರುಕ್ಷೇತ್ರದಲ್ಲಿ ದುರ್ಯೋಧನ ಬೆಳಗಿನ ಜಾವದವರೆಗೆ ಸಾಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಮೇಜಿನಲ್ಲಿ ಖಳ ಬಾಯಿ ತೆರೆಯುವ ಮೊದಲೇ ಯಾರೋ ದಾಳ ಉರುಳಿಸಿ ತಲೆ ತೆಗೆದುಬಿಡಬಹುದು. ಹಾಗಾಗಿ ಅವನಿಗಿಂತ ಮೊದಲು ಅವನ ಕೆಲಸ ಕಾಣಿಸಬೇಕು. ಅವನನ್ನು ಬೈಯುವವರಿಗಿಂತ ಹೊಗಳುವವರು ಮೊದಲು ಸಿಕ್ಕರೆ ಇನ್ನೂ ಒಳ್ಳೆಯದು.

ಇಂಥ ಖಳನನ್ನು ಕಟ್ಟುವ ಸರಕಿಗೆ ದೂರ ಹೋಗಬೇಕಿಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೆರೆಗಳನ್ನೇ ನಂಬಿದ ಜಿಲ್ಲೆ ನಮ್ಮದು. ‘ಕೆರೆಗೆ ಹಾರ’ ಎಂಬ ಜನಪದ ಹಾಡಿನಲ್ಲಿ ಭಾಗೀರಥಿಯನ್ನು ಬಲಿಗೆ ಆರಿಸುವವರು ರಕ್ಕಸರಲ್ಲ, ಮನೆಯವರೇ. ಊರಿಗೆ ಒಳ್ಳೆಯದಾಗಲಿ ಎಂದೇ ಕಿರಿಸೊಸೆಯ ಹೆಸರು ಹೇಳುತ್ತಾರೆ. ಅದಕ್ಕಿಂತ ಮೈ ನಡುಗಿಸುವ ಖಳತನ ನಾನು ಓದಿಲ್ಲ. ಅದೇ ಜಾಡಿನಲ್ಲಿ ಒಬ್ಬ ನೀರಗಂಟಿಯನ್ನು ಕಲ್ಪಿಸಿ. ಬರಗಾಲದಲ್ಲಿ ಹಗಲೂ ರಾತ್ರಿ ತೂಬು ಕಾದು, ಕೆರೆಯ ಕೊನೆಯ ನೀರನ್ನು ಅಚ್ಚುಕಟ್ಟಿನ ಪ್ರತಿ ಗದ್ದೆಗೂ ಸಮನಾಗಿ ಹಂಚಿ ಊರು ಉಳಿಸಿದವನು. ಮಳೆ ಬಂತು, ಕೋಡಿ ಹರಿಯಿತು, ಅವನು ಮಾತ್ರ ತೂಬು ಬಿಡಲಿಲ್ಲ. ಈಗ ಯಾರ ಮನೆಗೆ ಹೆಣ್ಣು ಬರಬೇಕು, ಯಾರ ಗದ್ದೆ ಒಣಗಬೇಕು ಎಂಬುದೂ ಅವನದೇ ತೀರ್ಮಾನ. ಎದುರಾಡಿದವರು ಕೆರೆಯಲ್ಲಿ ತೇಲಿದ್ದಾರೆ. ಆದರೂ ಬರದಲ್ಲಿ ತನ್ನ ಪಾಲಿನ ನೀರು ಬಿಟ್ಟುಕೊಟ್ಟ ಮುದುಕಿಯೊಬ್ಬಳ ಗದ್ದೆಗೆ ಇವತ್ತಿಗೂ ಮೊದಲ ನೀರು ಹಾಯಿಸುತ್ತಾನೆ, ತಾನೇ ಗುದ್ದಲಿ ಹಿಡಿದು.

ಆಟಗಾರರು ಅವನನ್ನು ಕೊಲ್ಲಲಿ, ಕೊಲ್ಲಬೇಕು. ಆಮೇಲೆ ತೂಬು ಯಾರ ಕೈಗೆ ಎಂದು ಅವರಲ್ಲೇ ಜಗಳ ಹುಟ್ಟಿದರೆ ಮುಂದಿನ ವಾರದ ಖಳನನ್ನು ಮೇಷ್ಟ್ರು ಹುಡುಕಬೇಕಿಲ್ಲ, ಮೇಜಿನ ಸುತ್ತಲೇ ಕೂತಿರುತ್ತಾನೆ.