ವಸ್ತುಸಂಗ್ರಹಾಲಯದ ಶಿಕ್ಷಣ: ಫಾಗ್ ಮಾದರಿಯ ಪರಾಮರ್ಶೆ

ಕಲೆಯ ಇತಿಹಾಸದಲ್ಲಿ ಡಾಕ್ಟರೇಟ್ ಪದವಿಗಾಗಿ ಅಭ್ಯಾಸ ಮಾಡುವವರಿಗೆ ವಸ್ತುಸಂಗ್ರಹಾಲಯದ ಕೆಲಸವನ್ನೂ ಕಲಿಸಬೇಕೆ, ಕಲಿಸುವುದಾದರೆ ಯಾವ ಕ್ರಮದಿಂದ, ಎಂಬುದು ವಿಚಾರಾರ್ಹವಾದ ಪ್ರಶ್ನೆ. ಈ ಪ್ರಸಂಗದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಫಾಗ್ ಸಂಗ್ರಹಾಲಯವನ್ನು ಮಾದರಿಯಾಗಿ ಹೇಳುವುದುಂಟು. ಅದರ ಗುಣದೋಷಗಳನ್ನು ತೂಗಿನೋಡುವುದು ಉಚಿತ.

ಬ್ಯಾಂಕಿನ ವ್ಯವಹಾರವನ್ನು ಬಿಟ್ಟು 1915ರಲ್ಲಿ ಫಾಗ್ ಸೇರಿದ ಪಾಲ್ ಸ್ಯಾಕ್ಸ್ ಅವರು 1921ರಲ್ಲಿ ಈ ತರಗತಿಯನ್ನು ಆರಂಭಿಸಿದರು; 1948ರವರೆಗೆ ಅದು ನಡೆಯಿತು. ವಿದ್ಯಾರ್ಥಿಗಳು ಮೂಲಕೃತಿಗಳನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದರು, ಪ್ರದರ್ಶನಗಳನ್ನು ಏರ್ಪಡಿಸಿದರು, ಖಾಸಗಿ ಸಂಗ್ರಾಹಕರಲ್ಲಿಗೆ ಹೋಗಿಬಂದರು. ನಿರ್ದೇಶಕರಾದ ಎಡ್ವರ್ಡ್ ಫೋರ್ಬ್ಸ್ ಅವರ ತರಗತಿಯಲ್ಲಂತೂ ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸಿ, ಹಸಿಗಾರೆಯ ಮೇಲೆ ಚಿತ್ರ ಬರೆದು, ಹಳೆಯ ಇಟಲಿಯ ವಿಧಾನವನ್ನು ತಾವೇ ಮಾಡಿ ತಿಳಿದರು.

ಇದರ ಲಾಭ ಸ್ಪಷ್ಟವಾದುದು. ಛಾಯಾಚಿತ್ರದಲ್ಲಿ ಕೃತಿಯ ಗಾತ್ರವಾಗಲಿ, ಹಲಗೆಯ ಹಿಂಬದಿಯಾಗಲಿ ಗೋಚರಿಸುವುದಿಲ್ಲ. ಜೀರ್ಣೋದ್ಧಾರಕನು ಮೇಲೆ ಬಳಿದ ಬಣ್ಣವನ್ನು ಮೂಲಚಿತ್ರಕಾರನದೆಂದು ಭ್ರಮಿಸಿ ಕಟ್ಟಿದ ವಾದ, ಎಷ್ಟೇ ಪಾಂಡಿತ್ಯಪೂರ್ಣವಾಗಿದ್ದರೂ ನಿಲ್ಲಲಾರದು.

ಆದರೆ ದೋಷವೂ ಉಂಟು. ಈ ಶಿಕ್ಷಣವು ರಸಜ್ಞತೆಗೂ ಶ್ರೀಮಂತ ಸಂಗ್ರಾಹಕರ ಸ್ನೇಹಕ್ಕೂ ಹೆಚ್ಚು ಬೆಲೆ ಕೊಟ್ಟಿತು. ಕೃತಿ ಯಾರ ಕೈಯಿಂದ ಯಾರ ಕೈಗೆ, ಯಾವ ನ್ಯಾಯದಿಂದ ಬಂದಿತು ಎಂಬ ಪ್ರಶ್ನೆಗೆ ಅಲ್ಲಿ ಅಷ್ಟು ಪ್ರಾಧಾನ್ಯವಿರಲಿಲ್ಲ. ನಾಜಿಗಳು ಅಪಹರಿಸಿದ ಕಲಾಕೃತಿಗಳ ವಿಷಯವಾಗಿ 1998ರಲ್ಲಿ ವಾಷಿಂಗ್ಟನ್ನಿನಲ್ಲಿ 44 ರಾಷ್ಟ್ರಗಳು ಸೂತ್ರಗಳನ್ನು ಒಪ್ಪಿದ ಮೇಲೆ ಆ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ಅದಕ್ಕೆ ಉತ್ತರ ದೊರೆಯುವುದು ಪತ್ರಾಗಾರದಲ್ಲಿ, ಹರಾಜಿನ ಪಟ್ಟಿಗಳಲ್ಲಿ, ಹಳೆಯ ಲೆಕ್ಕಪತ್ರಗಳಲ್ಲಿ. ಅಂದರೆ ಸಂಶೋಧನ ವಿದ್ಯಾರ್ಥಿಯು ಪಳಗಿರಬೇಕಾದ ಕ್ಷೇತ್ರದಲ್ಲಿಯೇ.

ಸ್ಯಾಕ್ಸರ ಶಿಷ್ಯರಾದ ಆಲ್ಫ್ರೆಡ್ ಬಾರ್ ಅವರು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಮೊದಲ ನಿರ್ದೇಶಕರಾದದ್ದು 1929ರಲ್ಲಿ. ಹಾರ್ವರ್ಡಿನ ಡಾಕ್ಟರೇಟ್ ಅವರಿಗೆ ದೊರೆತದ್ದು 1946ರಲ್ಲಿ. ಬಾರ್ ಅವರಂಥ ಪ್ರತಿಭಾವಂತರು ಎರಡು ದಾರಿಗಳನ್ನೂ ಕ್ರಮಿಸಬಲ್ಲರು. ಸಾಮಾನ್ಯ ವಿದ್ಯಾರ್ಥಿಗೆ ಎರಡನ್ನೂ ಒಂದುಗೂಡಿಸಿಕೊಡುವುದು ವಿಭಾಗದ ಹೊಣೆ. ಪ್ರಬಂಧವನ್ನು ಮುಗಿಸಿದ ಮೇಲೆ ಕೆಲವು ತಿಂಗಳ ಉಮೇದುವಾರಿಕೆ ಸಾಲದು. ವೇತನವಿಲ್ಲದಿದ್ದರೆ ಅದು ಅನುಕೂಲಸ್ಥರಿಗೆ ಮಾತ್ರ ಎಟುಕುವುದು. ಸಂಗ್ರಹದ ಒಂದು ವಸ್ತುವಿನ ದ್ರವ್ಯ, ರಚನೆ, ಒಡೆತನಗಳ ಪರೀಕ್ಷೆ ಪ್ರಬಂಧದ ಅಂಗವೇ ಆಗಬೇಕು. ಆಗ ವಿದ್ಯಾರ್ಥಿಗೆ ಜೀವನೋಪಾಯದ ಮತ್ತೊಂದು ದಾರಿ ತೆರೆಯುವುದಲ್ಲದೆ, ಅವನ ಪಾಂಡಿತ್ಯಕ್ಕೂ ಗಟ್ಟಿಯಾದ ನೆಲೆ ದೊರೆಯುವುದು.